ಖಲ್ಫಾನ್ ಚಾಚಾ ದಾಟದ ನದಿ

ಒಮಾನಿಗೆ ಬಂದ ಮರುದಿನವೇ ನಾನು ಸೋಪು, ಬೈರಾಸು ಹಿಡಿದು ನದಿಗೆ ಸ್ನಾನಕ್ಕೆ ಹೊರಟಿದ್ದೆ. ಕಂಪನಿಯ ನಕ್ಷೆಯಲ್ಲಿ ನಮ್ಮ ಕ್ಯಾಂಪಿನ ಪಕ್ಕದಲ್ಲೇ ದಪ್ಪನೆಯ ನೀಲಿ ಗೆರೆಯಿತ್ತು. ನೇತ್ರಾವತಿಯಲ್ಲಿ ಮುಳುಗೆದ್ದವನಿಗೆ ಅಷ್ಟು ಸಾಕು. ಹೋಗಿ ನೋಡಿದರೆ ಬರೀ ಕಲ್ಲು, ಮುಳ್ಳಿನ ಮರ, ನನ್ನನ್ನೇ ದಿಟ್ಟಿಸುತ್ತಿದ್ದ ಆಡುಗಳು. ಸೋಪು ಒಣಗಿದ್ದು ಒಣಗಿದಂತೆಯೇ ವಾಪಸು ಬಂತು.

“ಎಂತ ಮಾರಾಯ,” ಎಂದರು ಫೋರ್‌ಮನ್ ಸಂಕಪ್ಪಣ್ಣ, “ನದಿ ಉಂಟು ಅಂತ ಹೇಳಿದ್ದು ಹೌದು. ನೀರುಂಟು ಅಂತ ಯಾರು ಹೇಳಿದ್ದು ನಿಂಗೆ?”

ಇಡೀ ಕ್ಯಾಂಪು ನಕ್ಕಿತು. ನಗದವರು ಅಲ್ಲಿಯವರೇ ಆದ ಕಾವಲುಗಾರ ಖಲ್ಫಾನ್ ಚಾಚಾ ಒಬ್ಬರೇ. “ನೀರಿಲ್ಲದ್ದಕ್ಕೇ ಇಂಗ್ಲಿಷರು ಬಂದದ್ದು, ರಫೀಕ್. ನೀರಿದ್ದಿದ್ದರೆ ಅವರ ಲಾರಿ ಎಲ್ಲಿ ಬರ್ತಿತ್ತು?” ಎಂದರು. ಅವರದು ಅಂಗಡಿಗಳಲ್ಲಿ ಕಲಿತ ಹಿಂದಿ, ನನ್ನದು ಸಿನೆಮಾದ ಹಿಂದಿ. ಹೇಗೋ ನಡೆಯುತ್ತಿತ್ತು.

ಅದು ೧೯೮೮. ನಮ್ಮ ಕಂಪನಿ ಆ ಒಣ ನದಿಗೆ ಅಡ್ಡಲಾಗಿ ಕಾಂಕ್ರೀಟ್ ರಸ್ತೆ ಹಾಕುತ್ತಿತ್ತು. ನಾನು ಸ್ಟೋರಿನಲ್ಲಿ ಸಿಮೆಂಟು ಚೀಲ ಕಾಯುತ್ತಿದ್ದೆ. ಊರಿನವರ ಪ್ರಕಾರ ನಾನು ಆಫೀಸಿನಲ್ಲಿದ್ದೆ.

ಐವತ್ತರ ದಶಕದ ಕೊನೆಗೆ ಒಳನಾಡಿನ ಇಮಾಮನಿಗೂ ಮಸ್ಕತ್ತಿನ ಸುಲ್ತಾನನಿಗೂ ಯುದ್ಧವಾದಾಗ, ಸುಲ್ತಾನನ ಬೆನ್ನಿಗಿದ್ದ ಇಂಗ್ಲಿಷರು ಈ ನದಿಯ ಪಾತ್ರದಲ್ಲೇ ಲಾರಿ ಓಡಿಸಿಕೊಂಡು ಬಂದು ಆಚೆ ದಡದ ಬಾವಿಯ ಬಳಿ ಡೇರೆ ಹೊಡೆದರಂತೆ. ಡೇರೆಯಿದ್ದ ಜಾಗ ಈಗ ಪೇಟೆ. ಚಾಚಾನ ಅಣ್ಣ ಸಂಬಳಕ್ಕೆ ಅವರ ಕಡೆ ಸೇರಿದ. ಚಾಚಾ ಈಚೆ ದಡದಲ್ಲಿ ಇಮಾಮನ ಕಡೆ ಉಳಿದರು. ಯುದ್ಧ ಮುಗಿದು ಸುಮಾರು ಮೂವತ್ತು ವರ್ಷವಾದರೂ ಅವರು ಆಚೆ ದಡಕ್ಕೆ ಕಾಲಿಟ್ಟಿರಲಿಲ್ಲ. ಉಪ್ಪು ಬೇಕಾದರೂ ನನ್ನನ್ನೇ ಓಡಿಸುತ್ತಿದ್ದರು.

ಆದರೆ ಅಣ್ಣತಮ್ಮಂದಿರಿಗೆ ಅಪ್ಪ ಬಿಟ್ಟುಹೋದ ನೀರು ಒಂದೇ. ಬೆಟ್ಟದಿಂದ ಬರುವ ಕಾಲುವೆ ಈಚೆ ದಡದಲ್ಲಿ ಕವಲೊಡೆದು, ಒಂದು ಕವಲು ಚಾಚಾನ ಖರ್ಜೂರದ ತೋಟಕ್ಕೆ, ಇನ್ನೊಂದು ನದಿಯ ಅಡಿಯಿಂದ ನುಸುಳಿ ಅಣ್ಣನ ತೋಟಕ್ಕೆ ಹೋಗುತ್ತಿತ್ತು. ತಮ್ಮ ಸರದಿ ಮುಗಿಯುವ ಹೊತ್ತಿಗೆ ಚಾಚಾ ಎದ್ದುಹೋಗುವರು. ಆಮೇಲೆ ಅಣ್ಣ ನದಿ ದಾಟಿ ಬಂದು, ಅಡ್ಡಗಲ್ಲನ್ನು ತನ್ನ ಕವಲಿನಿಂದ ತೆಗೆದು ಚಾಚಾನ ಕವಲಿಗೆ ಒತ್ತುವನು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಒಂದು ದಿನ ಚಾಚಾ ಸ್ಟೋರಿಗೆ ಬಂದಾಗ ನಿಲುವಂಗಿಯ ಅಂಚು ಒದ್ದೆಯಾಗಿತ್ತು.

“ಅಣ್ಣ ಕಲ್ಲು ಸರಿಸಲಿಲ್ಲ. ನೀರೆಲ್ಲ ನನ್ನ ತೋಟದಲ್ಲೇ ನಿಂತಿದೆ.”

“ಒಳ್ಳೇದಾಯ್ತಲ್ಲ ಚಾಚಾ, ಪುಕ್ಕಟೆ ನೀರು!”

ಸ್ನಾನಕ್ಕೆ ಹೋದ ದಿನ ಆಡುಗಳು ನೋಡಿದ ಹಾಗೆಯೇ ಚಾಚಾ ನನ್ನನ್ನು ನೋಡಿದರು. “ಕತ್ತೆ! ನೀರು ಬಿಡುವವನಲ್ಲ ಅವನು. ಎದ್ದು ನಿಲ್ಲೋಕೆ ಆಗ್ತಿಲ್ಲ ಅಂತ ಅರ್ಥ. ಸತ್ತೇ ಹೋದನೋ ಏನೋ. ಗಾಡಿ ತೆಗಿ.”

ಪಿಕಪ್ಪು ಕಲ್ಲುಗಳ ಮೇಲೆ ಕುಣಿಯುತ್ತಾ ನದಿಗಿಳಿಯಿತು. ನಟ್ಟನಡುವೆ ಬಂದಾಗ ಚಾಚಾ, “ನಿಲ್ಲಿಸು” ಎಂದರು. ನಿಲ್ಲಿಸಿದೆ. ಎದುರಿಗೆ ಅಣ್ಣನ ಖರ್ಜೂರದ ಮರಗಳು ಕಾಣುತ್ತಿದ್ದವು. ಚಾಚಾ ಕೋಲಿನ ಮೇಲೆ ಗದ್ದವೂರಿ ಕುಳಿತೇ ಇದ್ದರು. ಬಿಸಿಲಿಗೆ ಸ್ಟಿಯರಿಂಗ್ ಮುಟ್ಟಲಾಗುತ್ತಿರಲಿಲ್ಲ.

“ವಾಪಸು ಹೋಗೋಣವಾ ಚಾಚಾ?”

“ಸುಮ್ಮನಿರು.”

ಸುಮ್ಮನಿರುವ ವಿದ್ಯೆ ನಮ್ಮ ಮನೆತನಕ್ಕೇ ಬಂದಿಲ್ಲ. ಕೇಳಿಯೇಬಿಟ್ಟೆ: “ಚಾಚಾ, ಯುದ್ಧದಲ್ಲಿ ನೀವು ಅಣ್ಣನ ಮೇಲೆ ಗುಂಡು ಹಾರಿಸಿದ್ದಿರಾ?”

“ಹಾರಿಸಿದೆ. ತಗಲಲಿಲ್ಲ. ತಗಲಿದ್ದರೆ ಇವತ್ತು ಈ ಒದ್ದಾಟ ಇರ್ತಿರಲಿಲ್ಲ. ಯಲ್ಲಾ, ಗಾಡಿ ಮುಂದಕ್ಕೆ ಬಿಡು.”