ಗುರುತು ಸಿಗದ ಪೆನ್ ಡ್ರೈವ್

ಗಣಕಯಂತ್ರವು ತನಗೆ ಬೇಡವಾದ ಅತಿಥಿಯನ್ನು ಹೊಸ್ತಿಲಲ್ಲೇ ತಡೆಯುವಾಗ ತೋರುವ ಸೌಜನ್ಯವನ್ನು ನೀವು ಗಮನಿಸಿರಬಹುದು. ಅದು ಬೈಯುವುದಿಲ್ಲ, ಕದ ಬಡಿಯುವುದಿಲ್ಲ. ಬಾವಿಗೆ ಬೆಣಚುಕಲ್ಲು ಬಿದ್ದಂತೆ ಒಂದು ಸದ್ದು ಮಾಡಿ, ಪರದೆಯ ಬಲಮೂಲೆಯಲ್ಲಿ ಪುಟ್ಟದೊಂದು ಚೀಟಿ ಹಿಡಿದು, 'ಈ ಸಾಧನವನ್ನು ಗುರುತಿಸಲಾಗಲಿಲ್ಲ' ಎಂದು ನಿವೇದಿಸಿ ಮೌನವಾಗುತ್ತದೆ. ಯಾರು ಗುರುತಿಸಲಿಲ್ಲ, ಏಕೆ ಗುರುತಿಸಲಿಲ್ಲ, ಇನ್ನು ಮುಂದೆ ಯಾರ ಬಳಿಗೆ ಹೋಗಬೇಕು ಎಂಬ ವಿವರಗಳು ಅದರಲ್ಲಿರುವುದಿಲ್ಲ. ನನ್ನ ಅರ್ಜಿಗಳಿಗೆ ಬಂದಿರುವ ಹಿಂಬರಹಗಳ ಕಡತವನ್ನು ಓದಿಕೊಂಡ ಯಾರೋ ಈ ವಾಕ್ಯವನ್ನು ರಚಿಸಿರಬೇಕೆಂಬ ಅನುಮಾನ ನನಗೆ ಬಹುಕಾಲದಿಂದ ಇದೆ.

ಅರ್ಜಿ ಎಂದೆನಲ್ಲ, ಆ ಚಟವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವಿಶ್ವವಿದ್ಯಾನಿಲಯವು ನನಗೆ ಒಂದು ಸ್ನಾತಕೋತ್ತರ ಪದವಿಯನ್ನೂ ಒಂದು ಪ್ರಶ್ನೆಯನ್ನೂ ಕೊಟ್ಟು ಚಳ್ಳಕೆರೆಗೆ ಮರಳಿ ಕಳಿಸಿತು. ಪದವಿಯಿಂದ ಇದುವರೆಗೆ ವಿಶೇಷ ಪ್ರಯೋಜನವಾಗಿಲ್ಲ. ಪ್ರಶ್ನೆಯನ್ನು ಮಾತ್ರ ದಿನನಿತ್ಯ ಬಳಸುತ್ತಿದ್ದೇನೆ. 'ಇದಕ್ಕೆ ಹೊಣೆ ಯಾರು?' ಎಂಬುದೇ ಆ ಪ್ರಶ್ನೆ. ತಿರುಗದ ಫ್ಯಾನು, ತೆರೆಯದ ವಾಚನಾಲಯ, ಬೆಳಗದ ಬೀದಿದೀಪ, ಯಾವುದನ್ನೂ ನಾನು ಬಿಟ್ಟವಳಲ್ಲ. ನಮ್ಮವ್ವನ ಪ್ರಕಾರ, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೆ ಉಳಿದವರು ಒಲೆ ಆರಿಸುತ್ತಾರೆ, ಮಗಳು ತನಿಖೆ ಆರಂಭಿಸುತ್ತಾಳೆ. ತಾಯಂದಿರ ಅತಿಶಯೋಕ್ತಿಯೆಂದು ಆ ಮಾತನ್ನು ನಾನು ಅಲಕ್ಷಿಸಿದ್ದೆ.

ಒಂದು ಶನಿವಾರದ ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ ಗುರುತಿಸಲು ನಿರಾಕರಿಸಿದ ಪೆನ್ ಡ್ರೈವಿನೊಳಗೆ ಮೊಳಕಾಲ್ಮೂರಿನ ಲಕ್ಷ್ಮೀದೇವಕ್ಕನ ಹನ್ನೊಂದು ಚಿತ್ರಗಳಿದ್ದವು. ಲಕ್ಷ್ಮೀದೇವಕ್ಕ ರೇಷ್ಮೆ ಸೀರೆ ನೇಯುವವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಮಗ್ಗದ ಮುಂದೆ ಮೌನ. ನೇಯುವುದಷ್ಟೇ ಅಲ್ಲ, ಸೀರೆಯ ಅಂಚಿನ ವಿನ್ಯಾಸವನ್ನು ಚೌಕದ ಹಾಳೆಯ ಮೇಲೆ ತಾವೇ ಬರೆಯಬಲ್ಲವರು. ಗುಡ್ಡದ ಸೀತಾಫಲದ ಸಿಪ್ಪೆಯ ಕಣ್ಣುಗಳನ್ನು ಸಾಲಾಗಿ ಜೋಡಿಸಿದ ಒಂದು ಅಂಚನ್ನು ಅವರು ಹೀಗೆ ಹನ್ನೊಂದು ಹಾಳೆಗಳಲ್ಲಿ ಬರೆದಿದ್ದರು; ಸೀರೆಗೆ ಇನ್ನೂ ನೇಯ್ದಿರಲಿಲ್ಲ. ಹಾಳೆಗಳಿಗೆ ಗೆದ್ದಲು ಹಿಡಿಯುತ್ತಿರುವುದನ್ನು ಕಂಡು, ಅವನ್ನೆಲ್ಲ ಸ್ಕ್ಯಾನ್ ಮಾಡಿಸಿ ಪೆನ್ ಡ್ರೈವಿಗೆ ಹಾಕಿಕೊಂಡು, 'ಇನ್ನು ಕಾಗದದ ಹಂಗೇಕೆ ಅಕ್ಕಾ, ಇದು ಶಾಶ್ವತ' ಎಂದು ಉಪನ್ಯಾಸ ಕೊಟ್ಟವಳು ನಾನು. ವಿದ್ಯಾವಂತರ ಮಾತಿಗೆ ಅವರು ಬೆಲೆ ಕೊಟ್ಟರು. ಗೆದ್ದಲು ಉಳಿಸಿದ್ದ ಭಾಗವನ್ನು ಬಚ್ಚಲಿನ ಹಂಡೆಯ ಒಲೆಗೆ ಹಾಕಿ ನೀರು ಕಾಯಿಸಿಕೊಂಡರು.

ಕೆಲವು ತಿಂಗಳಲ್ಲೇ ಅದೇ ಸೀತಾಫಲದ ಅಂಚು ಯಂತ್ರಮಗ್ಗದ ಸೀರೆಗಳಲ್ಲಿ ಕಾಣಿಸಿಕೊಂಡಿತು. ಮಾರುವ ವ್ಯಾಪಾರಿ ಅದು ತನ್ನದೇ ಹೊಸ ವಿನ್ಯಾಸವೆಂದು ಹೇಳುತ್ತಿದ್ದ. ನಾನು ಸುಮ್ಮನಿರಲು ಸಾಧ್ಯವೇ? ದೂರು ಬರೆದೆ, ಬೆನ್ನು ಹತ್ತಿದೆ, ನೇಕಾರರ ವ್ಯವಹಾರಗಳನ್ನು ನೋಡುವ ಒಂದು ಕಚೇರಿಯಲ್ಲಿ ಸೋಮವಾರ ವಿಚಾರಣೆ ನಿಗದಿಯಾಯಿತು. ಆ ಅಂಚು ಲಕ್ಷ್ಮೀದೇವಕ್ಕನದೆಂದು ರುಜುವಾತುಪಡಿಸಲು ಜಗತ್ತಿನಲ್ಲಿ ಉಳಿದಿದ್ದ ಏಕೈಕ ಸಾಕ್ಷಿ ಆ ಪೆನ್ ಡ್ರೈವು. ಪ್ರತಿ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಆ ಪ್ರಶ್ನೆಯನ್ನು ನಾನು ಎಲ್ಲರನ್ನೂ ಕೇಳುತ್ತೇನೆ. ನನ್ನನ್ನು ಯಾರೂ ಕೇಳಿರಲಿಲ್ಲ.

ಚಿಕಿತ್ಸೆಯ ಪರಂಪರೆಯನ್ನು ಯಥಾವತ್ತಾಗಿ ಪಾಲಿಸಿದೆ. ತಿರುಗಿಸಿ ಚುಚ್ಚಿದೆ, ಮತ್ತೆ ತಿರುಗಿಸಿ ಚುಚ್ಚಿದಾಗ ಮೊದಲು ಚುಚ್ಚಿದ್ದೇ ಸರಿಯೆಂದು ತಿಳಿಯಿತು. ಎಡಗಡೆಯ ಕಿಂಡಿ, ಬಲಗಡೆಯ ಕಿಂಡಿ, ಬಾಯಿಂದ ಊದುವುದು, ಕಣ್ಣುಮುಚ್ಚಿ ಮೆಲ್ಲಗೆ ತಳ್ಳುವುದು, ಕಣ್ಣುಬಿಟ್ಟು ರಭಸದಿಂದ ತಳ್ಳುವುದು, ಎಲ್ಲವೂ ಮುಗಿದವು. ಯಂತ್ರವನ್ನು ಆರಿಸಿ ಹೊತ್ತಿಸಿದೆ. ಅಂತರ್ಜಾಲದಲ್ಲಿ ಒಬ್ಬ ಮಹನೀಯರು ಹೇಳಿಕೊಟ್ಟಂತೆ ಚಾಲಕ ತಂತ್ರಾಂಶವನ್ನು ಕಿತ್ತುಹಾಕಿ ಪುನಃ ಪ್ರತಿಷ್ಠಾಪಿಸಿದೆ. ಒಮ್ಮೆ ಅರೆಗಳಿಗೆ ಅದರ ಹೆಸರು ಪರದೆಯ ಮೇಲೆ ಮೂಡಿ ಮಾಯವಾಯಿತು. ಆ ಅಪಹಾಸ್ಯವನ್ನು ತಾಳಲಾರದೆ ಹಲ್ಲು ಕೀಳುವಂತೆ ಅದನ್ನು ಕಿತ್ತೆಸೆದೆ. ಬಳಿಕ ನಾನು ನಿಪುಣಳಾಗಿರುವ ಏಕೈಕ ಕ್ರಮಕ್ಕೆ ಮೊರೆಹೋಗಿ, ತಯಾರಕರಿಗೆ ಐದು ಪ್ರಶ್ನೆಗಳ ಮಿಂಚಂಚೆ ಬರೆದೆ. ಐದನೆಯದು ನೀವು ಊಹಿಸಿದ್ದೇ. ನನ್ನ ಅಹವಾಲು ತಮಗೆ ಅಮೂಲ್ಯವಾದುದೆಂಬ ಉತ್ತರ ನಾನು ಕಣ್ಣು ಮಿಟುಕಿಸುವುದರೊಳಗೆ ಬಂದಿತು. ಅಷ್ಟು ಶೀಘ್ರವಾಗಿ ಓದಬಲ್ಲವರು ಮನುಷ್ಯರಾಗಿರಲಾರರು.

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿರುವ ಬಾಷಾ ಭಾಯಿಯವರ ಬಳಿಗೆ ಹೋದೆ. ಪೆನ್ ಡ್ರೈವು ಕೊಂಡದ್ದೂ ಅವರಲ್ಲಿಯೇ ಆದ್ದರಿಂದ ನನ್ನ ಧ್ವನಿ ಮೆಟ್ಟಿಲು ಹತ್ತುವಾಗಲೇ ತಾರಕಕ್ಕೇರಿತ್ತು. ಅವರು ಸಹನೆಯಿಂದ ಕೈ ಚಾಚಿ, ಒಮ್ಮೆ ಕೊಡಿ ನೋಡುತ್ತೇನೆ ಎಂದರು. ನೋಡುವ ಮುನ್ನ, ಇದು ಕೆಟ್ಟಿದ್ದರೆ ಹೊಣೆ ಮಾರಿದವರದೋ ಮಾಡಿದವರದೋ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಡಬೇಕೆಂದು ನಾನು ಕೋರಿದೆ. ಚಾಚಿದ ಕೈ ಹಾಗೆಯೇ ಹಿಂದಕ್ಕೆ ಹೋಗಿ ಕೌಂಟರಿನ ಕೆಳಗೆ ಅಡಗಿಕೊಂಡಿತು.

"ಹಂಗಾದ್ರೆ ನಾನು ಮುಟ್ಟಾದೇ ಇಲ್ಲ ಬಿಡ್ರಿ ಮೇಡಂ," ಎಂದರು ಬಾಷಾ ಭಾಯಿ. "ಈಗ ಅದು ಕೆಟ್ಟೈತೆ ಅಷ್ಟೇ. ನಾನು ಮುಟ್ಟಿದ್ಮ್ಯಾಗೆ ಕೆಡಿಸಿದೋನು ಬಾಷಾ ಅಂತ ಆಗ್ತೈತೆ."

ಅವರು ಮುಟ್ಟಲಿಲ್ಲ. ನಾನೂ ಬಿಡಲಿಲ್ಲ. ನಮ್ಮಿಬ್ಬರ ನಡುವೆ ಗಾಜಿನ ಮೇಲೆ ಆ ಬೆರಳುದ್ದದ ವಸ್ತು ಅನಾಥಶವದಂತೆ ಮಲಗಿತ್ತು. ಕೊನೆಗೆ ನಾನು ಅವರ ಮೇಲೂ ಒಂದು ದೂರು ಬರೆಯುವುದಾಗಿ ಘೋಷಿಸಿ ಹೊರಟಾಗ, ಖಾಲಿ ಹಾಳೆ ಬೇಕಾದರೆ ಇದೆ ಎಂದು ಅವರು ಪ್ರಿಂಟರಿನ ಕಡೆ ತೋರಿಸಿದರು.

ಭಾನುವಾರ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಲಕ್ಷ್ಮೀದೇವಕ್ಕನಿಗೆ ಫೋನಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ತಳಕು ಬರುವವರೆಗೆ, ತಪ್ಪು ತಯಾರಕರದೆಂದು ಸಾಬೀತುಪಡಿಸುವ ಭಾಷಣವನ್ನು ಮನಸ್ಸಿನಲ್ಲಿಯೇ ತಿದ್ದಿದೆ. ತಳಕು ದಾಟಿದ ಮೇಲೆ ಅದರಲ್ಲಿ ಬಾಷಾ ಭಾಯಿಯವರಿಗೂ ಒಂದು ಪರಿಚ್ಛೇದ ಸೇರಿಸಿದೆ. ಇಳಿಯುವ ಹೊತ್ತಿಗೆ ಭಾಷಣ ಎಷ್ಟು ಪರಿಪೂರ್ಣವಾಗಿತ್ತೆಂದರೆ ಅದರಲ್ಲಿ ನಾನು ಎಲ್ಲಿಯೂ ಇರಲಿಲ್ಲ.

ಅವರು ಮಗ್ಗದಲ್ಲಿ ಕುಳಿತಿದ್ದರು. ಉದ್ದಕ್ಕೆ ಬಿಗಿದ ಹಾಸಿನ ಒಂದು ಎಳೆ ಹರಿದಿತ್ತು. ಸಾವಿರಾರು ಎಳೆಗಳ ನಡುವೆ ಹರಿದ ಒಂದನ್ನು ಹುಡುಕುವುದೆಂದರೆ ಜಾತ್ರೆಯಲ್ಲಿ ಕಳೆದ ಕಿವಿಯೋಲೆಯನ್ನು ಹುಡುಕಿದಂತೆ. ಅವರು ಆತುರಪಡದೆ, ಮೇಲಿನಿಂದ ಕೆಳಕ್ಕೆ ಬೆರಳಾಡಿಸಿ, ತುದಿ ಸಿಕ್ಕೊಡನೆ ಗಂಟು ಹಾಕಿ ಮುಗಿಸಿದರು. ರೇಷ್ಮೆಯವನನ್ನಾಗಲಿ ಬಣ್ಣದವನನ್ನಾಗಲಿ ಶಪಿಸಲಿಲ್ಲ. ಆಮೇಲೆ ನನ್ನ ಮುಖ ನೋಡಿದರು.

"ಏನವ್ವಾ, ಮುಖ ಯಾಕಿಂಗೆ ಮಾಡ್ಕಂಡಿದೀಯ?"

ಪರಿಪೂರ್ಣ ಭಾಷಣ ಮೂರನೆಯ ವಾಕ್ಯಕ್ಕೇ ಮುಗ್ಗರಿಸಿತು. ಚಿತ್ರಗಳು ಹೋಗಿವೆ ಎಂಬಷ್ಟನ್ನು ಹೇಗೋ ಹೇಳಿದೆ. ಅವರ ಕೈ ಒಂದು ಗಳಿಗೆ ಮಗ್ಗದ ಹಲಗೆಯ ಮೇಲೆ ನಿಂತಿತು. ಆ ಅಂಚಿಗೆ ಅವರು ಎರಡು ವರ್ಷ ಕೊಟ್ಟಿದ್ದರೆಂದು ನನಗೆ ತಿಳಿದಿತ್ತು. ಮುಂದಿನ ಸೀರೆಯಲ್ಲಿ ಅದನ್ನು ನೇಯ್ದರೆ ಊರವರೇ 'ಅಂಗಡಿಯದನ್ನು ನೋಡಿ ನೇಯ್ದಳು' ಎನ್ನುವರೆಂದೂ ತಿಳಿದಿತ್ತು. ಅವರು ಮಾತ್ರ ಅದಾವುದನ್ನೂ ಹೇಳದೆ, "ಏದೀ, ಚೂಪಿಂಚು," ಎಂದು ಕೈ ಚಾಚಿದರು. ಎಲ್ಲಿ, ತೋರಿಸು ಎಂದು. ಚಾಚಿದ ಕೈಯನ್ನು ಈ ಸಲ ನಾನು ಹಿಂದಕ್ಕೆ ಕಳಿಸಲಿಲ್ಲ.

ಅದು ತಳ್ಳಿದರೆ ಮೂತಿ ಹೊರಗೆ ಬರುವ, ಎಳೆದರೆ ಒಳಗೆ ಹೋಗುವ ಜಾತಿಯ ಪೆನ್ ಡ್ರೈವು. ಲಕ್ಷ್ಮೀದೇವಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಉಗುರಿನಿಂದ ಮೂತಿಯೊಳಗೆ ಒಮ್ಮೆ ಸವರಿ, ಉಗುರನ್ನು ಮೂಗಿನ ಹತ್ತಿರ ತಂದುಕೊಂಡರು.

"ಇದ್ರಾಗೆ ಎಣ್ಣೆ ಐತಲ್ಲವ್ವಾ. ಕಡ್ಲೆಕಾಯಿ ಎಣ್ಣೆ. ಕಮಟು ವಾಸ್ನೆ ಬರ್ತೈತೆ."

ಓದುಗರೇ, ಚಳ್ಳಕೆರೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳದೆ ವಿಧಿಯಿಲ್ಲ. ನಮ್ಮದು ಎಣ್ಣೆಯ ಊರು. ನಮ್ಮ ಮನೆತನವಂತೂ ಎಣ್ಣೆಯ ಗಿರಣಿಯ ಸದ್ದಿನಲ್ಲಿಯೇ ಮಕ್ಕಳನ್ನು ಮಲಗಿಸಿದ್ದು. ತಿರುಗದ ಬೀಗ, ಕಿರುಗುಟ್ಟುವ ಕದ, ಬಿಗಿಯಾದ ಬಳೆ, ಮಗುವಿನ ನೆತ್ತಿ, ಸೈಕಲ್ಲಿನ ಸರಪಳಿ, ಯಾವುದಕ್ಕೂ ನಮ್ಮಲ್ಲಿ ಒಂದೇ ಔಷಧಿ, ಬೆರಳ ತುದಿಯಿಂದ ಒಂದು ತೊಟ್ಟು. ಇದು ಯೋಚಿಸಿ ಮಾಡುವ ಕೆಲಸವಲ್ಲ. ಆಕಳಿಕೆ ಬಂದಾಗ ಚಿಟಿಕೆ ಹೊಡೆಯುವಂಥದು. ಪೆನ್ ಡ್ರೈವಿನ ಮೂತಿ ಒಂದು ದಿನ ಹೊರಬರಲು ಸತಾಯಿಸಿದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾರೊಂದಿಗೋ ಉತ್ತರದಾಯಿತ್ವದ ಕುರಿತು ಫೋನಿನಲ್ಲಿ ವಾಗ್ವಾದ ನಡೆಸುತ್ತಲೇ, ಒಗ್ಗರಣೆಯ ಎಣ್ಣೆಯ ತೊಟ್ಟೊಂದನ್ನು ನಾನು ಅದರ ಸಂದಿಗೆ ಇಳಿಸಿದ್ದೆ. ಆಗ ಅದು ಬೆಣ್ಣೆಯಂತೆ ಜಾರಿತ್ತು. ನನ್ನ ಜಾಣ್ಮೆಯನ್ನು ನಾನೇ ಮೆಚ್ಚಿಕೊಂಡಿದ್ದೆ. ತಿಂಗಳುಗಳು ಉರುಳಿದಂತೆ ಎಣ್ಣೆ ಮೂತಿಯೊಳಕ್ಕೆ ಹರಿದು, ನಮ್ಮೂರ ಧೂಳನ್ನು ಕೂಡಿಸಿಕೊಂಡು, ಹಿತ್ತಾಳೆಬಣ್ಣದ ಪಟ್ಟಿಗಳ ಮೇಲೆ ಜಿಡ್ಡಿನ ಅಂಟಾಗಿ ಕುಳಿತಿತ್ತು.

ಇದೆಲ್ಲ ನನಗೆ ಒಂದೇ ಕ್ಷಣದಲ್ಲಿ ನೆನಪಾಯಿತು. ಲಜ್ಜೆಯಿಂದ ಹೇಳುತ್ತೇನೆ, ಮರುಕ್ಷಣದಲ್ಲಿಯೇ ಒಂದು ಪರ್ಯಾಯ ಇತಿಹಾಸವೂ ಹೊಳೆಯಿತು. ಎಣ್ಣೆ ಯಾರ ಕೈಯಿಂದಲೂ ಬಿದ್ದಿರಬಹುದಲ್ಲ. ಬಾಷಾ ಭಾಯಿಯವರ ಅಂಗಡಿಯ ಪಕ್ಕದಲ್ಲಿ ಮಿರ್ಚಿ ಕರಿಯುವ ಗಾಡಿಯೂ ಇತ್ತಲ್ಲ. ಇಷ್ಟು ವರ್ಷ ಪ್ರಶ್ನೆ ಕೇಳಿ ಕೇಳಿ, ನುಣುಚಿಕೊಳ್ಳುವವರ ಕಲೆಯೆಲ್ಲ ನನಗೆ ಕರಗತವಾಗಿದೆಯೆಂದು ಗೊತ್ತಾದದ್ದು ಆಗಲೇ.

"ನಾನೇ ಹಾಕಿದ್ದು ಅಕ್ಕಾ," ಎಂದೆ.

ಅವರು ರೇಷ್ಮೆಯ ಚಿಂದಿಯನ್ನು ಸೂಜಿಗೆ ಸುತ್ತಿದರು. ನನ್ನ ಚೀಲದಲ್ಲಿದ್ದ ಸ್ಯಾನಿಟೈಸರಿನ ನಾಲ್ಕು ಹನಿಗಳಲ್ಲಿ ಅದನ್ನು ಅದ್ದಿ, ಎಳೆ ಬಿಡಿಸುವ ನಾಜೂಕಿನಿಂದ ಒರೆಸಿದರು. ಚಿಂದಿ ಕಪ್ಪಾಯಿತು, ಇನ್ನೊಂದು ಚಿಂದಿ, ಮತ್ತೊಂದು. ಒಣಗಲು ಬಿಟ್ಟು ಚಹಾ ಕುಡಿದೆವು. ಆಮೇಲೆ ನಾನು ಲ್ಯಾಪ್‌ಟಾಪ್ ತೆರೆದು ಚುಚ್ಚಿದೆ. ಗಣಕಯಂತ್ರ ಗುರುತಿಸಿತು. ಹತ್ತು ಚಿತ್ರಗಳು ಒಂದೊಂದಾಗಿ ಅರಳಿದವು. ಪ್ರತಿ ಹಾಳೆಯ ಮೂಲೆಯಲ್ಲಿ ಅವರು ಬರೆದ ತಿಂಗಳು, ವರ್ಷ. ಹನ್ನೊಂದನೆಯದು ಮಾತ್ರ ಏನು ಮಾಡಿದರೂ ತೆರೆಯಲಿಲ್ಲ. ಹಲ್ಲು ಕೀಳುವಂತೆ ಕಿತ್ತೆನೆಂದು ಹೇಳಿದೆನಲ್ಲ, ಆ ಪೌರುಷದ ಫಲ. ಅದನ್ನೂ ಒಪ್ಪಿಕೊಂಡೆ. ಅಭ್ಯಾಸವಾಗತೊಡಗಿತ್ತು.

ಸೋಮವಾರದ ವಿಚಾರಣೆಯಲ್ಲಿ ವ್ಯಾಪಾರಿ, ವಿನ್ಯಾಸ ತನಗೆ ಏಜೆಂಟನಿಂದ ಬಂದದ್ದೆಂದ. ಏಜೆಂಟನಿಗೆ ಅದು ಯಾರದೋ ಮೊಬೈಲಿನಿಂದ ಬಂದದ್ದಂತೆ. ಮೊಬೈಲಿಗೆ ಎಲ್ಲಿಂದ ಬಂತೆಂದು ಹೇಳಲು ಮೊಬೈಲು ಹಾಜರಿರಲಿಲ್ಲ. ಹೀಗೆ ಹೊಣೆಯು ಕೈಯಿಂದ ಕೈಗೆ ಜಾರುತ್ತಿರಲು, ಆತ ಹನ್ನೊಂದನೆಯ ಚಿತ್ರವನ್ನು ಹಿಡಿದುಕೊಂಡ. ಅದು ತೆರೆಯುತ್ತಿಲ್ಲವೆಂದರೆ ಕಡತವನ್ನು ತಿದ್ದಿದ್ದಾರೆಂದೇ ಅರ್ಥವೆಂದು ವಾದಿಸಿದ. ಅಧಿಕಾರಿಗಳು ಕನ್ನಡಕದ ಮೇಲಿನಿಂದ ನನ್ನತ್ತ ನೋಡಿದರು. ನಾನು ಎದ್ದುನಿಂತು, ತಪ್ಪು ನನ್ನದು, ಮೊದಲು ಎಣ್ಣೆ ಹಾಕಿದೆ, ಆಮೇಲೆ ಸಿಟ್ಟಿನಲ್ಲಿ ಕಿತ್ತೆ ಎಂದು ನಿವೇದಿಸಿದೆ.

ಇಂಥ ಹೇಳಿಕೆಯನ್ನು ದಾಖಲಿಸಿ ರೂಢಿಯಿಲ್ಲದ ಗುಮಾಸ್ತರು ಪೆನ್ನು ಮೇಲೆತ್ತಿ ಅಧಿಕಾರಿಗಳನ್ನು ಕೇಳಿದರು: "ಸಾರ್, ಯಾವ ಎಣ್ಣೆ ಅಂತ ಬರೀಲಿ?"

"ಕಡ್ಲೆಕಾಯಿದು," ಎಂದರು ಲಕ್ಷ್ಮೀದೇವಕ್ಕ, ಗಂಭೀರವಾಗಿ.

ಅಧಿಕಾರಿಗಳು ನಕ್ಕು ಚೇತರಿಸಿಕೊಂಡ ಮೇಲೆ ಹೊರಟ ಆದೇಶ ಇದು: ಹನ್ನೊಂದನೆಯ ಹಾಳೆಯನ್ನು ಲಕ್ಷ್ಮೀದೇವಕ್ಕ ನೆನಪಿನಿಂದ ಮತ್ತೆ ಬರೆದು ಅಥವಾ ಬರೆಸಿ ಹದಿನೈದು ದಿನದೊಳಗೆ ಒಪ್ಪಿಸಬೇಕು; ಅದು ಉಳಿದ ಹತ್ತಕ್ಕೆ ಎಳೆ ತಪ್ಪದೆ ಕೂಡಿಕೊಂಡರೆ ವಿನ್ಯಾಸ ಅವರದು; ಅಲ್ಲಿಯವರೆಗೆ ವ್ಯಾಪಾರಿ ಆ ಸೀರೆಗಳನ್ನು ಮಾರುವಂತಿಲ್ಲ. ನಾನು ಚಳ್ಳಕೆರೆಗೆ ಮರಳಿ, ತಯಾರಕರಿಗೆ ಬರೆದ ದೂರನ್ನು ಹಿಂತೆಗೆದುಕೊಂಡೆ. ಬಾಷಾ ಭಾಯಿಯವರ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಬರೆದುಕೊಡುತ್ತೀರಾ ಎಂದು ಅವರು ಕೇಳಿದರು. ಬರೆದುಕೊಟ್ಟೆ. ಹಾಗೆಂದು ಪ್ರಶ್ನೆ ಕೇಳುವುದನ್ನು ನಾನು ಬಿಟ್ಟೆನೆಂದು ತಿಳಿಯಬೇಡಿ. ವ್ಯಾಪಾರಿಯ ಏಜೆಂಟನ ಬೆನ್ನು ಇನ್ನೂ ಹತ್ತಿದ್ದೇನೆ. ಆದರೆ ವಸ್ತುವನ್ನು ಬೆಳಕಿಗೆ ಹಿಡಿದು ನೋಡುವ ಮೊದಲೇ ಹೊಣೆಗಾರರ ಪಟ್ಟಿ ಮಾಡಹೊರಟರೆ, ಸರಿಪಡಿಸಬಲ್ಲ ಕೈಗಳೇ ಮೊದಲು ಕೌಂಟರಿನ ಕೆಳಗೆ ಅಡಗುತ್ತವೆಂಬುದನ್ನು ಬಲ್ಲೆ.

ಮುಂದಿನ ಭಾನುವಾರ ಮೊಳಕಾಲ್ಮೂರಿನಲ್ಲಿ ನೆಲದ ಮೇಲೆ ಕುಳಿತು ಹಾಳೆಗೆ ಗೀಟು ಎಳೆದೆ. ಅಂಗಡಿಯ ಚೌಕದ ಹಾಳೆ ಲಕ್ಷ್ಮೀದೇವಕ್ಕನ ಕಣ್ಣಿಗೆ ಸಣ್ಣದು. ಆದ್ದರಿಂದ ಚೌಕಗಳೆಲ್ಲ ಕೈಯಿಂದಲೇ ಆಗಬೇಕು, ಮತ್ತು ಆ ಕೈ ನನ್ನದೇ ಆಗಬೇಕೆಂಬುದು ಅವರು ಮಾತಿಲ್ಲದೆ ವಿಧಿಸಿದ ದಂಡ. ಗೀಟು ಮುಗಿದ ಮೇಲೆ ಅವರು ಮಗ್ಗದಿಂದಲೇ, ನನ್ನತ್ತ ತಿರುಗಿಯೂ ನೋಡದೆ, ನೆನಪಿನಿಂದ ಲೆಕ್ಕ ಕೂಗತೊಡಗಿದರು. "ಮೂಡು ವದಲು, ರೆಂಡು ಪಟ್ಟು." ಮೂರು ಬಿಡು, ಎರಡು ಹಿಡಿ. ಬಿಟ್ಟದ್ದು ಖಾಲಿ, ಹಿಡಿದದ್ದು ಕಪ್ಪು. ಒಂದೊಂದು ಚೌಕಕ್ಕೆ ಒಂದೊಂದು ಎಳೆ. ನಾನು ತುಂಬುತ್ತ ಹೋದೆ. ಸೀತಾಫಲದ ಒಂದು ಕಣ್ಣು ಮೂಡಿತು, ಪಕ್ಕದಲ್ಲಿ ಮತ್ತೊಂದು. ಬೆನ್ನು ನೋಯುತ್ತಿತ್ತು, ಬೆರಳು ಕಪ್ಪಾಗಿತ್ತು. ಹದಿನೇಳನೆಯ ಸಾಲಿನಲ್ಲಿ ನನ್ನ ಪೆನ್ಸಿಲು ಒಂದು ಚೌಕವನ್ನು ಹೆಚ್ಚಿಗೆ ತುಂಬಿಬಿಟ್ಟಿತು. ಲಾಳಿ ಅತ್ತಿಂದಿತ್ತ ಓಡುತ್ತಿತ್ತು, ಅವರು ನೋಡಿರಲಿಲ್ಲ.

ನಾನೇ ಕೂಗಿ ಹೇಳಿದೆ.

ಲಾಳಿ ನಿಂತಿತು. "ಅಳ್ಸು," ಎಂದರು ಲಕ್ಷ್ಮೀದೇವಕ್ಕ. "ಆ ಸಾಲು ಮೊದ್ಲಿಂದ ಹೇಳ್ತೀನಿ."