ಮನೆಯಲ್ಲಿದ್ದ ಏಳು ವರ್ಷ

ಕಡೂರಿನ ರೈಲ್ವೆ ಗೇಟಿನ ಹಿಂದಿನ ಬೀದಿಯಲ್ಲಿ ಧರ್ಮೇಶನ ಹೆಸರು ಅನೇಕರಿಗೆ ಗೊತ್ತಿಲ್ಲ. ‘ಸ್ಪಂದನಾ ಅವರಪ್ಪ’ ಎಂದರೆ ಮಾತ್ರ ಯಾರಾದರೂ ಕೈ ಮಾಡಿ ಮನೆ ತೋರಿಸುತ್ತಾರೆ. ಹೆಂಗಸರನ್ನು ಮಕ್ಕಳ ಹೆಸರಿನಿಂದ ಗುರುತಿಸುವುದು ಅಲ್ಲಿ ಇದ್ದದ್ದೇ, ಗಂಡಸರಲ್ಲಿ ಇವನೊಬ್ಬನೇ. ಏಳು ವರ್ಷ ದುಡಿಮೆ ಬಿಟ್ಟು ಮನೆಯಲ್ಲಿ ಕೂತು ಮಗಳನ್ನು ಸಾಕಿದವನು ಅವನು.

ಊರು ಅಜ್ಜಂಪುರದ ಆಚೆ. ತಂದೆ ನಂಜುಂಡಪ್ಪನವರಿಗೆ ಆರು ಎಕರೆ ಖುಷ್ಕಿ ಜಮೀನು, ಒಂದು ತೆಂಗಿನ ತೋಟ. ಅದನ್ನು ಅಣ್ಣ ನೋಡಿಕೊಂಡ. ಧರ್ಮೇಶ ಐಟಿಐ ಮುಗಿಸಿ ಕಡೂರಿಗೆ ಬಂದು, ಸ್ನೇಹಿತ ರಘುನಾಥನ ಜೊತೆ ಪಾಲಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟ. ಸುಟ್ಟುಹೋದ ಬೋರ್‌ವೆಲ್ ಮೋಟಾರಿನ ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಬೇಸಿಗೆಯಲ್ಲಿ ಊಟಕ್ಕೆ ಪುರುಸೊತ್ತಿಲ್ಲ; ಮಳೆ ಹಿಡಿದರೆ ನೊಣ ಹೊಡೆಯುವುದು. ಹೆಂಡತಿ ದೀಪಶ್ರೀ ಎಮ್ಮೆದೊಡ್ಡಿ ಕಡೆಯ ಹಳ್ಳಿಗಳಿಗೆ ಸರ್ಕಾರಿ ಆರೋಗ್ಯ ಸಹಾಯಕಿ. ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ಬಸುರಿ ಬಾಣಂತಿಯರನ್ನು ನೋಡುವುದು ಅವಳ ಕೆಲಸ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಬರುವುದು ಸಂಜೆಗೆ.

ಸ್ಪಂದನಾ ಹುಟ್ಟಿ ಆರು ತಿಂಗಳಿಗೆ ದೀಪಶ್ರೀಯ ರಜೆ ಮುಗಿಯಿತು. ಎದುರು ಮನೆಯ ದಾಕ್ಷಾಯಣಮ್ಮ ಮಗುವನ್ನು ತಮ್ಮ ಮೊಮ್ಮಗುವಿನಂತೆ ನೋಡಿಕೊಂಡರು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಅವರು ಮಗಳ ಬಾಣಂತನಕ್ಕೆ ತರೀಕೆರೆಗೆ ಹೊರಟರು. ಊರಿಂದ ಧರ್ಮೇಶನ ತಾಯಿ ಕಮಲಾಕ್ಷಮ್ಮ ಬಂದು ಹದಿನೈದು ದಿನ ಇದ್ದು, “ಅಲ್ಲಿ ಹಸ ಕರೆಯೋರಿಲ್ಲ ಕಣಪ್ಪ” ಎಂದು ಚೀಲ ಹಿಡಿದರು.

ಆಮೇಲೆ ಒಂದು ವಾರ ಗಂಡ ಹೆಂಡತಿ ಸರದಿಯ ಮೇಲೆ ಮಗುವನ್ನು ಹೊತ್ತು ತಿರುಗಿದರು. ಒಂದು ದಿನ ಅಂಗಡಿಯ ವಾರ್ನಿಷ್ ವಾಸನೆಯಲ್ಲಿ, ಒಂದು ದಿನ ಬಸ್ಸಿನ ಧೂಳಿನಲ್ಲಿ. ಮಗುವಿಗೆ ಜ್ವರ ಬಂತು. ಜ್ವರದ ಮೂರನೇ ದಿನ ದೀಪಶ್ರೀಗೆ ಲಸಿಕೆಯ ಕೆಲಸ ತಪ್ಪಿಸುವಂತಿರಲಿಲ್ಲ. ಊರಿನ ಮಕ್ಕಳಿಗೆಲ್ಲ ಚುಚ್ಚುಮದ್ದು ಹಾಕಿ ಸಂಜೆ ಬಂದವಳು ಚಪ್ಪಲಿ ಕೂಡ ಬಿಡದೆ ಮಗುವಿನ ಹಣೆ ಮುಟ್ಟಿ ನೋಡಿ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು.

“ನಾನೇ ಕೆಲಸ ಬಿಡ್ತೀನಿ ಕಣ್ರೀ” ಎಂದಳು. “ಒಂದೈದು ವರ್ಷ.”

“ಬಿಟ್ರೆ ಮತ್ತೆ ಕರೀತಾರಾ?”

ಅವಳು ಬಗ್ಗಿ ಚಪ್ಪಲಿ ಬಿಚ್ಚತೊಡಗಿದಳು.

“ನಂದು ಮೋಟಾರ್ ಸುಟ್ರೆ ಅನ್ನ. ನಿಂದು ತಿಂಗ್ಳಾದ್ರೆ ಸಂಬ್ಳ” ಎಂದ ಧರ್ಮೇಶ. “ಯಾರು ಬಿಡ್ಬೇಕು ಅನ್ನೋದಕ್ಕೆ ಲೆಕ್ಕ ಬೇರೆ ಹಾಕ್ಬೇಕೇನೇ? ನಾನಿರ್ತೀನಿ ಮನೇಲಿ.”

ದೀಪಶ್ರೀ ಆಗಲೆಂದು ತಲೆಯಾಡಿಸಿದಳು. ಅವಳ ಮುಖದಲ್ಲಿ ನಿರಾಳ ಕಾಣಲಿಲ್ಲ ಎಂಬುದನ್ನು ಅವನು ಗಮನಿಸಿದ. ಅದು ಯಾಕೆಂದು ತಿಳಿಯಲು ಬಹಳ ದಿನ ಬೇಕಾಯಿತು.

ಅಂಗಡಿಯ ಪಾಲನ್ನು ರಘುನಾಥನಿಗೇ ಬಿಟ್ಟುಕೊಟ್ಟ. ಬಂದ ಹಣವನ್ನು ಮಗಳ ಹೆಸರಿನಲ್ಲಿ ಇಟ್ಟರು. ಬೀರೂರಿನಲ್ಲಿ ನೋಡಿಟ್ಟಿದ್ದ ಸೈಟು ಆ ವರ್ಷವೇ ಬೇರೆಯವರ ಪಾಲಾಯಿತು. ಹೊಸ ಬೈಕಿನ ಮಾತು ನಿಂತಿತು. ಹಬ್ಬಕ್ಕೆ ಬಟ್ಟೆ ಮಗುವಿಗೆ ಮಾತ್ರ. ರಸ್ತೆಯಲ್ಲಿ ಸಿಕ್ಕಾಗ ರಘುನಾಥ, “ಏನಪ್ಪಾ, ಇವತ್ತೇನು ಸಾರು?” ಎಂದು ಕೇಳುತ್ತಿದ್ದ. ಮೊದಮೊದಲು ಕಿವಿ ಬಿಸಿಯಾಗುತ್ತಿತ್ತು. ಆರು ತಿಂಗಳು ಕಳೆದ ಮೇಲೆ ಧರ್ಮೇಶ, “ಹುರುಳಿಕಾಳು ಬಸ್ಸಾರು, ಬಾ” ಎಂದು ನೆಟ್ಟಗೆ ಉತ್ತರ ಕೊಡಲು ಶುರುಮಾಡಿದ. ಒಂದು ದಿನ ರಘುನಾಥ ನಿಜವಾಗಿಯೂ ಬಂದು ಉಂಡು ಹೋದ. ಆಮೇಲೆ ಕೇಳುವುದನ್ನು ಬಿಟ್ಟ.

ನಂಜುಂಡಪ್ಪನವರು ಮಾತ್ರ ಮಗನ ಜೊತೆ ಮಾತು ಬಿಟ್ಟಿದ್ದರು. ಫೋನು ಮಾಡಿದರೆ ಹೆಂಡತಿಯ ಕೈಗೆ ಕೊಟ್ಟುಬಿಡುತ್ತಿದ್ದರು. ಒಂದು ಮಧ್ಯಾಹ್ನ ತೆಂಗಿನಕಾಯಿ ಚೀಲ ಹೊತ್ತು ಹೇಳದೆ ಕೇಳದೆ ಬಂದರು. ಧರ್ಮೇಶ ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದ. ಅವಳು ಬಾಯಿ ಮುಚ್ಚಿಕೊಂಡಿದ್ದಳು. ಅವನು ಚಮಚ ಕೆಳಗಿಟ್ಟು ಗೋಡೆ ಕಡೆ ತಿರುಗಿ ಕೂತ. ಎರಡು ನಿಮಿಷಕ್ಕೆ ಅವಳೇ ಎದ್ದು ಬಂದು ಅವನ ಬೆನ್ನು ತಟ್ಟಿ ಬಾಯಿ ತೆರೆದಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಂದೆ, “ಇದನ್ನ ಯಾರ್ ಹೇಳ್ಕೊಟ್ರೋ ನಿನಗೆ?” ಎಂದರು.

“ಯಾರೂ ಇಲ್ಲಪ್ಪ. ಅವಳ ಹಟ ನೋಡಿ ನೋಡಿ ನಾನೇ ಕಲ್ತೆ.”

ಅವರು ಚೀಲ ಇಳಿಸಿ ಕೂತು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಹಿಡಿಯುವುದು ಹೇಗೆಂದು ಗೊತ್ತಾಗದೆ ಅವರ ಕೈ ತಡವರಿಸುತ್ತಿತ್ತು. “ನಿಮ್ಮಿಬ್ರನ್ನ ನಾನು ಎತ್ಕೊಂಡಿದ್ದೇ ಇಲ್ಲ ಕಣೋ” ಎಂದರು. “ಹೊಲದಿಂದ ಬರೋ ಹೊತ್ಗೆ ಮಲಗಿರ್ತಿದ್ರಿ.” ಅಷ್ಟೇ ಹೇಳಿದ್ದು. ಅವತ್ತಿನಿಂದ ಫೋನು ತಾವೇ ಎತ್ತಿದರು.

ಮಗಳಿಗೆ ಮೂರು ವರ್ಷವಾಗಿದ್ದಾಗಿನ ಒಂದು ಭಾನುವಾರ. ಅಂಗಳದಲ್ಲಿ ಆಡುತ್ತಿದ್ದ ಸ್ಪಂದನಾ ಬಿದ್ದು ಮಂಡಿ ಕೆತ್ತಿಕೊಂಡಳು. ಹತ್ತಿರದಲ್ಲೇ ಬಟ್ಟೆ ಹರವುತ್ತಿದ್ದ ದೀಪಶ್ರೀ ಎರಡೂ ಕೈ ಚಾಚಿದಳು. ಮಗು ಅವಳನ್ನು ದಾಟಿಕೊಂಡು ಒಳಗೆ ಓಡಿ ಅಪ್ಪನ ಕಾಲು ತಬ್ಬಿತು. ದೀಪಶ್ರೀ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟಳು. ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು.

ಹೊರಗೆ ಬಂದಾಗ, “ದಿನಾ ಊರೋರ ಮಕ್ಕಳನ್ನ ಎತ್ಕೋತೀನಿ” ಎಂದಳು. “ಮನೇಲಿರೋ ಆಸೆ ನನಗಿತ್ತು ಕಣ್ರೀ. ನಿಮಗೆ ಸಿಕ್ತು.”

ತಾನು ಬಿಟ್ಟುಕೊಟ್ಟೆ ಎಂದು ಇಷ್ಟು ದಿನ ಅಂದುಕೊಂಡಿದ್ದ ಧರ್ಮೇಶನಿಗೆ, ಬಿಟ್ಟುಕೊಟ್ಟವರು ಯಾರೆಂದು ಅವತ್ತು ತಿಳಿಯಿತು. ಮರುದಿನ ಮಧ್ಯಾಹ್ನ ಮೂವರ ಊಟವನ್ನು ಡಬ್ಬಿಗೆ ತುಂಬಿ, ಮಗಳನ್ನು ಹಳೇ ಟಿವಿಎಸ್‌ನ ಮುಂದೆ ನಿಲ್ಲಿಸಿಕೊಂಡು ಎಮ್ಮೆದೊಡ್ಡಿಯ ದಾರಿ ಹಿಡಿದ.

ಅವತ್ತಿನಿಂದ ವಾರಕ್ಕೆರಡು ದಿನ ಅದೇ ಅಭ್ಯಾಸವಾಯಿತು. ಆರೋಗ್ಯ ಕೇಂದ್ರದ ಹಿಂದೆ ಒಂದು ಹೊಂಗೆ ಮರ. ಅದರ ನೆರಳಲ್ಲಿ ದೀಪಶ್ರೀ ಮಗಳಿಗೆ ತುತ್ತು ಕೊಡುತ್ತಿದ್ದಳು. ಅಮ್ಮನ ಮಡಿಲಲ್ಲಿ ಕೂತ ಮಗಳು ಬೆಳಗಿನಿಂದ ಆದದ್ದನ್ನೆಲ್ಲ ವರದಿ ಒಪ್ಪಿಸುತ್ತಿದ್ದಳು. ದಾರಿಯ ಕಾವಲಿನ ಹುಲ್ಲುಗಾವಲಿನಲ್ಲಿ ನೀಳ ಕೊಂಬಿನ ಅಮೃತಮಹಲ್ ದನಗಳು ಮೇಯುತ್ತಿದ್ದವು. ಗಾಡಿ ನಿಲ್ಲಿಸಿದರೆ ಎಲ್ಲವೂ ಒಟ್ಟಿಗೆ ತಲೆಯೆತ್ತಿ ನೋಡುವವು. “ಅಪ್ಪಾ, ಅವು ನಮ್ಮನ್ನ ಎಣಿಸ್ತಾ ಇವೆ” ಎಂದಿದ್ದಳು ಸ್ಪಂದನಾ. ಅರ್ಧ ಗಂಟೆಯ ಊಟ. ಆ ಏಳು ವರ್ಷದಲ್ಲಿ ಧರ್ಮೇಶನಿಗೆ ಈಗಲೂ ಮೊದಲು ನೆನಪಾಗುವುದು ಆ ಮಧ್ಯಾಹ್ನಗಳೇ. ಬಿಸಿಲು, ಹೊಂಗೆ ಹೂವಿನ ವಾಸನೆ, ಮೂವರಿಗೂ ಒಂದೇ ಡಬ್ಬಿ.

ಕೊರೊನಾ ಬಂದ ವರ್ಷ ದೀಪಶ್ರೀ ತನ್ನಿಂದ ಮನೆಯವರಿಗೆ ಸೋಂಕು ತಗುಲೀತೆಂದು ತಿಂಗಳುಗಟ್ಟಲೆ ಮುಂದಿನ ಕೋಣೆಯಲ್ಲಿ ಒಬ್ಬಳೇ ಮಲಗಿದಳು. ಕಿಟಕಿಯ ಆಚೆ ಅವಳು, ಈಚೆ ಮಗಳು. ಶಾಲೆ ಮುಚ್ಚಿತ್ತು. ಕಾಗುಣಿತದಿಂದ ಹಿಡಿದು ಎರಡರ ಮಗ್ಗಿಯವರೆಗೂ ಅಪ್ಪನೇ ಕಲಿಸಿದ. ತಂತಿ ಸುತ್ತಿ ಪಳಗಿದ ಬೆರಳುಗಳು ಜಡೆ ಹೆಣೆಯುವುದರಲ್ಲೂ ಪಳಗಿದ್ದವು. ಬೀದಿಯ ಬೇರೆ ಹುಡುಗಿಯರೂ ರಿಬ್ಬನ್ ಹಿಡಿದು ಬರುತ್ತಿದ್ದರು.

ಮೂರನೇ ಕ್ಲಾಸಿಗೆ ಬಂದ ಮಗಳು ಒಂದು ದಿನ, “ನಾಳೆಯಿಂದ ಸ್ಕೂಲ್ ಹತ್ರ ಬರ್ಬೇಡಪ್ಪ. ಫ್ರೆಂಡ್ಸ್ ಜೊತೆ ನಾನೇ ಬತ್ತೀನಿ” ಎಂದಳು. ಧರ್ಮೇಶ ಆಗಲಿ ಎಂದ. ಮರುದಿನ ಸಂಜೆ ನಾಲ್ಕಕ್ಕೆ ಶರ್ಟು ಹಾಕಿಕೊಂಡು ರೈಲ್ವೆ ಗೇಟಿನವರೆಗೆ ಹೋಗಿ ಹಿಂತಿರುಗಿದ.

ಮರುವಾರ ರಘುನಾಥನ ಅಂಗಡಿಗೆ ಹೋದ, ಈ ಸಲ ಪಾಲಿಗಲ್ಲ, ಸಂಬಳಕ್ಕೆ. ಕೈ ಮರೆತುಹೋಗಿತ್ತು, ಮೊದಲ ತಿಂಗಳಲ್ಲೇ ಒಂದು ಮೋಟಾರಿನ ಸುತ್ತು ತಪ್ಪಿ ಎಲ್ಲ ಬಿಚ್ಚಬೇಕಾಯಿತು. ರಘುನಾಥ ಬಯ್ಯಲಿಲ್ಲ. ಅದರಿಂದಲೇ ಧರ್ಮೇಶನಿಗೆ ಹೆಚ್ಚು ನೋವಾಯಿತು. ಈಗ ಕೆಲಸ ಮತ್ತೆ ಹಿಡಿತಕ್ಕೆ ಬಂದಿದೆ. ಮನೆ ಮಾತ್ರ ಇನ್ನೂ ಬಾಡಿಗೆಯದೇ.

ಕಳೆದ ತಿಂಗಳು ಪಕ್ಕದ ಮನೆಯ ಸೊಸೆ ನಿಖಿತಾ ಬೆಳಿಗ್ಗೆ ಅವನನ್ನು ತಡೆದಳು. ಖಾಸಗಿ ಶಾಲೆಯೊಂದರಲ್ಲಿ ಟೀಚರು. ಕಂಕುಳಲ್ಲಿ ಎಂಟು ತಿಂಗಳ ಮಗು.

“ಅಣ್ಣ, ಒಬ್ರು ಮನೇಲಿದ್ರೆ ಸಂಸಾರ ನಡೆಯುತ್ತಾ? ನೀವು ಹೆಂಗ್ ನಡೆಸಿದ್ರಿ?”

“ಕಷ್ಟ ಆಗುತ್ತಮ್ಮ. ಸುಳ್ಳು ಹೇಳಲ್ಲ” ಎಂದ ಧರ್ಮೇಶ. “ಸೈಟು ಹೋಯ್ತು, ಅಂಗಡಿ ಹೋಯ್ತು. ದೀಪಶ್ರೀಗೆ ಬೇಕಾಗಿದ್ದು ನನಗೆ ಸಿಕ್ತು, ಅದೊಂದು ಬೇಜಾರು ಇನ್ನೂ ಇದೆ. ಯಾರಿಗೆ ಆಸೆ ಇದೆ ಅಂತ ಮೊದ್ಲು ಇಬ್ರೂ ಕೂತು ಮಾತಾಡಿ. ನಾವು ಅದನ್ನ ಮಾಡ್ಲಿಲ್ಲ.”

“ಮತ್ತೆ ಹಂಗೆ ಮಾಡ್ಬೇಕು ಅಂದ್ರೆ ಮಾಡ್ತಿದ್ರಾ?”

ಮಗು ಅವನ ಕಡೆ ವಾಲಿತು. “ಕೊಡಮ್ಮ ಇಲ್ಲಿ” ಎಂದು ಅವನು ಎತ್ತಿಕೊಂಡ. ಅದು ಅವನ ಜೇಬಿನ ಟೆಸ್ಟರ್‌ಗೆ ಕೈ ಹಾಕಿತು. ಅದನ್ನು ತೆಗೆದು ಹಿಂದಿನ ಜೇಬಿಗೆ ಇಟ್ಟುಕೊಂಡು, ಮಗುವನ್ನು ಭುಜಕ್ಕೆ ಹಾಕಿಕೊಂಡು ಬೀದಿಯ ಕೊನೆಯವರೆಗೆ ಹೋದ. ಅಲ್ಲಿಂದ ಹಿಂತಿರುಗಿ ಬರುವಷ್ಟರಲ್ಲಿ ಅಂಗಡಿಗೆ ತಡವಾಗಿತ್ತು, ಮಗು ನಿದ್ದೆ ಹೋಗಿತ್ತು.