ಬೇಲಿ ಕತ್ತರಿಸಿದ ದಿನ

ದೊರಿಲಾ ಯಾಂದೂರ ಎಂಬವಳು ಚಾಕೊ ಕಾಡಿನ ಕಾವಲು ಠಾಣೆಗೆ ಮೊದಲು ಬಂದದ್ದು ಅಡುಗೆಗೆ. ಹೆಜ್ಜೆ ಗುರುತು ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲವೆಂದು ಗೊತ್ತಾದ ಮೇಲೆ, ಮೇಲಿನವರು ಸೌಟು ಬಿಡಿಸಿ ಖಾಕಿ ತೊಡಿಸಿದರು. ಬೊಲಿವಿಯಾದ ಆ ಅಭಯಾರಣ್ಯದ ದಕ್ಷಿಣದ ಅಂಚೇ ದೇಶದ ಗಡಿ. ಬೇಲಿಯಾಚೆ ಪರಾಗ್ವೆಯ ಕಾಡು. ಅದನ್ನು ಕಾಯುವವನು ಸಿಂದುಲ್ಫೊ. ಹನ್ನೊಂದು ವರ್ಷಗಳಿಂದ ಇಬ್ಬರೂ ಬೆಳಿಗ್ಗೆ ಆರಕ್ಕೆ ವೈರ್‌ಲೆಸ್‌ನಲ್ಲಿ ಮಾತಾಡುತ್ತಿದ್ದರು. ಮುಖ ಮಾತ್ರ ನೋಡಿರಲಿಲ್ಲ.

"ನಿಮ್ಮ ಜಾಗ್ವಾರ್ ನಿನ್ನೆ ನಮ್ಮಲ್ಲಿಗೆ ಊಟಕ್ಕೆ ಬಂದಿತ್ತಕ್ಕ."

"ಪಾಸ್‌ಪೋರ್ಟ್ ಕೇಳ್ದ್ಯೇನಪ್ಪ?"

ಸೆಪ್ಟೆಂಬರಿನಲ್ಲಿ ಬಡಗಣ ಗಾಳಿಯ ಜೊತೆ ಬೆಂಕಿ ಬಂತು. ಅವಳ ತಮ್ಮ ಎಲೋಯ್‌ಗೂ ಅದೇ ಠಾಣೆಯಲ್ಲಿ ಕೆಲಸ. ಗಡಿಯ ಹತ್ತಿರದ ನೀರುಗುಂಡಿ ನೋಡಲು ಅವನು ಬೈಕಿನಲ್ಲಿ ಹೋಗಿದ್ದ. ಹತ್ತು ಗಂಟೆಯ ಹೊತ್ತಿಗೆ ಬೆಂಕಿ ಅವನ ಹಿಂದಿನ ದಾರಿಯನ್ನು ಮುಚ್ಚಿತು. ವೈರ್‌ಲೆಸ್‌ನಲ್ಲಿ ಕರೆದರೆ ಉತ್ತರವಿಲ್ಲ. ಆ ಮೂಲೆಗೆ ಇನ್ನು ಹೋಗಬಹುದಾದದ್ದು ಪರಾಗ್ವೆಯ ಕಡೆಯಿಂದಷ್ಟೆ. ಆದರೆ ಬೇಲಿ ದಾಟಲು ಎರಡೂ ರಾಜಧಾನಿಗಳ ಅಪ್ಪಣೆ ಬೇಕು.

ದೊರಿಲಾ ಸಿಂದುಲ್ಫೊನನ್ನು ಕರೆದಳು.

"ಕಾಗದ ಬರ್ಲಿ ಅಂತ ಕೂತ್ರೆ ನಿನ್ನ ತಮ್ಮ ಉಳಿಯಲ್ಲಕ್ಕ. ಬೇಲಿ ಕತ್ತರಿಸ್ತೀನಿ," ಎಂದ ಅವನು.

ಎರಡು ಗಂಟೆ ಕಳೆಯಿತು. ಕೂರಲಾರದೆ ಅವಳು ಠಾಣೆಯ ಸುತ್ತಲಿನ ಒಣಹುಲ್ಲನ್ನು ಕೆರೆದು ಹಾಕಿದಳು, ಕೈಯಲ್ಲಿ ಬೊಬ್ಬೆ ಎದ್ದದ್ದೂ ತಿಳಿಯಲಿಲ್ಲ. ಆಗ ವೈರ್‌ಲೆಸ್ ಕರಕರ ಎಂದಿತು.

"ಅಕ್ಕಾ, ನಾನು ಎಲೋಯ್. ಸಿಂದುಲ್ಫೊ ಜೊತೆಗಿದ್ದೀನಿ. ಹುಬ್ಬು ಸುಟ್ಟಿದೆ, ಬೇರೇನಿಲ್ಲ. ಬೈಕು ಹೋಯ್ತು."

"ನಿನ್ನ ಬೈಕಿಗೆ ಬೆಂಕಿ ಬೀಳ!"

"ಬಿದ್ದಾಯ್ತಲ್ಲಕ್ಕ."

ಅವಳು ಮಸಿ ಹಿಡಿದ ಕೆನ್ನೆಯ ಮೇಲೆ ನೀರು ಇಳಿಯುತ್ತಿರುವಾಗಲೇ ಗಟ್ಟಿಯಾಗಿ ನಕ್ಕಳು.

ವಾರ ಕಳೆದು, ಬೆಂಕಿ ಆರಿದ ಮೇಲೆ, ಎರಡೂ ದೇಶಗಳ ಅಧಿಕಾರಿಗಳು ಕತ್ತರಿಸಿದ ಬೇಲಿಯ ಹತ್ತಿರ ಸೇರಿದರು. ಸಿಂದುಲ್ಫೊ ತಲೆ ತಗ್ಗಿಸಿ ನಿಂತಿದ್ದ. ದನಿ ಕೇಳಿ ದೊರಿಲಾ ಅವನನ್ನು ಭಾರಿ ಆಳೆಂದುಕೊಂಡಿದ್ದರೆ, ಅವನು ಅವಳ ಭುಜದೆತ್ತರವೂ ಇರಲಿಲ್ಲ.

"ಯಾರು ಹೇಳಿ ಕತ್ತರಿಸಿದ್ದು?" ಅಧಿಕಾರಿಯೊಬ್ಬರು ಕೇಳಿದರು.

"ನಾನು ಕರೆದೆ, ಅವ್ನು ಬಂದ. ಶಿಕ್ಷೆ ಕೊಡೋದಾದ್ರೆ ಇಬ್ರಿಗೂ ಕೊಡಿ ಸಾರ್," ಎಂದಳು ದೊರಿಲಾ.

ಅಧಿಕಾರಿಗಳು ಮುಖ ಮುಖ ನೋಡಿಕೊಂಡರು, ಹುಬ್ಬಿಲ್ಲದ ಎಲೋಯ್‌ನನ್ನೂ ನೋಡಿದರು. ಬಹಳ ಹೊತ್ತು ಮಾತಾಡಿ, ತಂತಿ ಹೊಲಿಯುವುದು ಬೇಡ, ಅಲ್ಲೇ ಒಂದು ಗೇಟು ಇರಲಿ, ಬೆಂಕಿಯ ಕಾಲದಲ್ಲಿ ಯಾರನ್ನೂ ಕೇಳದೆ ತೆರೆಯಲು ಎರಡೂ ಠಾಣೆಗಳಿಗೆ ಕೀಲಿ ಕೊಡೋಣ ಎಂದು ಬರೆದು ಸಹಿ ಹಾಕಿದರು.

ದೊರಿಲಾ ಠಾಣೆಗೆ ಮರಳಿ, ಬೂಟೂ ಬಿಚ್ಚದೆ ಮಲಗಿಬಿಟ್ಟಳು. ಎಲೋಯ್ ಊಟಕ್ಕೆ ಎಬ್ಬಿಸಿದ. ಅವಳು ಏಳದೆ ಗೊರಕೆ ಹೊಡೆಯುತ್ತಲೇ ಇದ್ದಳು.